ತಂಪಣ್ಣನ ಮನೆಯ ನಕ್ಷತ್ರ

"ಇವತ್ತು ಸಂಜೆ ಈ ಮನೇಲಿ ಒಂದು ನಕ್ಷತ್ರ ಹುಟ್ಟುತ್ತೆ! ಬರೆದಿಟ್ಕೋ!" ಎಂದು ತಂಪಣ್ಣ ಎದೆ ತಟ್ಟಿಕೊಂಡು ಸಾರಿದ.

"ಹುಟ್ಟಲಿ. ಉಂಗುರ ಎಲ್ಲಿ?" ಎಂದಳು ಹೆಂಡತಿ.

ತಂಪಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಕೆಟ್ಟ ಫ್ರಿಜ್‌ಗಳನ್ನು ಮತ್ತೆ ತಣ್ಣಗಾಗಿಸುವುದೇ ಕಸುಬಾದ ಈ ಮಹಾಶಯನಿಗೆ ಸೂರ್ಯನ ಹುಚ್ಚು ಹಿಡಿದಿತ್ತು! ಸೂರ್ಯನೊಳಗೆ ಪರಮಾಣುಗಳು ಬೆಸೆದುಕೊಳ್ಳುತ್ತವಂತೆ, ಅದನ್ನು ಮನೆಯಲ್ಲೇ ಮಾಡಿನೋಡುವ ಹವ್ಯಾಸಿಗಳಿದ್ದಾರಂತೆ. ಮೊದಲ ಮೆಟ್ಟಿಲೆಂದರೆ, ಗಾಳಿ ತೆಗೆದ ಡಬ್ಬಿಯೊಳಗೆ ಹೊಳೆಯುವ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಆರದಂತೆ ನಿಲ್ಲಿಸುವುದು. ಗಾಳಿ ಎಳೆಯುವ ಪಂಪು ಹೇಗೂ ಕಸುಬಿನದ್ದೇ ಇತ್ತು. ಹಿಂದಿನ ಕೋಣೆಯಲ್ಲಿ ಕೊಡದಷ್ಟು ದೊಡ್ಡ ಸ್ಟೀಲ್ ಡಬ್ಬಿ, ಅದರ ನಡುವೆ ತಂತಿಯ ಪುಟ್ಟ ಪಂಜರ, ಗಾಜಿನ ಕಿಂಡಿಗೊಂದು ಕ್ಯಾಮೆರಾ. ಹತ್ತಿರ ನಿಲ್ಲುವುದು ಅಪಾಯವೆಂದು ಚಿತ್ರ ನಡುಮನೆಯ ಟಿವಿಗೆ ಬರುವಂತೆ ಮಾಡಿದ್ದ. ಒತ್ತಡದ್ದೊಂದು, ವೋಲ್ಟೇಜಿನದೊಂದು, ಎರಡು ತಿರುಗುಗುಂಡಿಗಳೂ ಸೋಫಾದ ಪಕ್ಕದಲ್ಲೇ.

ಮದುವೆ ಉಂಗುರದ ಕಥೆ ಮಾತ್ರ ಅಷ್ಟು ಹೊಳಪಿನದಲ್ಲ. ವಿದ್ಯುತ್ತಿನ ಕೆಲಸಕ್ಕೆ ಕೈಹಾಕುವ ಮುನ್ನ ಉಂಗುರ ತೆಗೆಯುವುದು ಅವನ ಶಿಸ್ತು. ಬೆರಳು ಊದಿಕೊಂಡಿದ್ದರಿಂದ ಹೋದ ವಾರ ಸೋಪು ಹಚ್ಚಿ ಎಳೆದಿದ್ದ. ಕಳೆಯದಿರಲಿ ಎಂದು ಭದ್ರವಾದ ಜಾಗದಲ್ಲಿಟ್ಟ. ಎಷ್ಟು ಭದ್ರವೆಂದರೆ, ಅವನಿಗೇ ಸಿಗುತ್ತಿಲ್ಲ!

"ನಾಳೆ ಮದುವೆ ಆದ ದಿನ. ಫೋಟೋದಲ್ಲಿ ಬೆರಳು ಬೋಳಾಗಿದ್ರೆ, ನಾನು ಸೀದಾ ಅಮ್ಮನ ಮನೆಗೆ!"

"ಭದ್ರವಾಗಿದೆ ಕಣೇ!"

ನಕ್ಷತ್ರವೊಂದು ನಿಂತು ಉರಿದರೆ ಆ ಬೆಳಕಿನಲ್ಲಿ ಇವಳು ಉಂಗುರವನ್ನೇ ಮರೆಯುತ್ತಾಳೆ ಎನ್ನುವುದು ಅವನ ಒಳಲೆಕ್ಕ.

ಪಂಪು ಗುನುಗಿತು. ವೋಲ್ಟೇಜ್ ಏರಿಸಿದ. ಪಂಜರದೊಳಗೆ ನೇರಳೆ ಬೆಳಕು ಕಣ್ಣು ಬಿಟ್ಟಿತು! ಬಿಟ್ಟದ್ದೇ ತಡ, ಒತ್ತಡದ ಮುಳ್ಳು ದಿಗ್ಗನೆ ಮೇಲೆದ್ದಿತು. ಬೆಳಕು ಡಬ್ಬಿಯ ತುಂಬ ಮಬ್ಬಾಗಿ ಹರಡಿ, ವೋಲ್ಟೇಜ್ ಕುಸಿಯಿತು. ಗಾಬರಿಯಿಂದ ಗಾಳಿ ಎಳೆದ. ಎಳೆದದ್ದು ಹೆಚ್ಚಾಗಿ ಬೆಳಕೇ ಆರಿತು. ಮತ್ತೆ ವೋಲ್ಟೇಜ್, ಮತ್ತೆ ಅದೇ ರಗಳೆ! ಒಂದು ಗುಂಡಿಯನ್ನು ಸಮಾಧಾನ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು.

"ಒಳಗೆ ಏನೋ ಬಿಟ್ಟಿದ್ದೀರಿ ಅನ್ಸುತ್ತೆ," ಎಂದಳು ಹೆಂಡತಿ.

"ನಾನಾ? ಕನ್ನಡಿ ಥರ ಒರೆಸಿದೀನಿ! ಯಾರ ಹತ್ರ ಮಾತಾಡ್ತಿದೀಯಾ!"

ಹೊರಗೆ ಬೀದಿ ಮಬ್ಬಾಗುವ ಹೊತ್ತಿಗೆ ಮುಳ್ಳಿನ ಕುಣಿತ ತಾನಾಗಿಯೇ ನಿಂತಿತು. ಬೆಳಕು ಒಟ್ಟುಗೂಡಿ ಪಂಜರದ ನಡುವೆ ಪುಟ್ಟ ನಕ್ಷತ್ರವಾಗಿ ಕೂತಿತು. ಟಿವಿಯ ಬೆಳಕಿಗೆ ಗೋಡೆ, ಕುರ್ಚಿ, ಒಣಗಲು ಹಾಕಿದ್ದ ಅಂಗಿ, ಎಲ್ಲವೂ ನೇರಳೆ! ಮನೆಯೇ ನೆಲ ಬಿಟ್ಟು ಮೆಲ್ಲಗೆ ತೇಲುತ್ತಿದೆ ಎನಿಸಿ ತಂಪಣ್ಣನ ಕಣ್ಣು ಒದ್ದೆಯಾಯಿತು. ಹೆಂಡತಿ ಅವನ ಭುಜಕ್ಕೆ ತಲೆಯಾನಿಸಿದಳು.

"ಎಷ್ಟು ಚೆನ್ನಾಗಿದೆ ರೀ..."

"ನಿನಗೋಸ್ಕರನೇ," ಎಂದ. ಉಂಗುರ ಅವನಿಗೂ ಮರೆತುಹೋಗಿತ್ತು.

"ಅಲ್ಲ, ಆ ಪಂಜರದ ಕೆಳಗೆ ಗುಂಡಗೆ ಮಿನುಗ್ತಿರೋದೇನು?"

"ಅದಾ? ಪ್ಲಾಸ್ಮಾದ ಪ್ರಭಾವಳಿ. ದೊಡ್ಡ ವಿಜ್ಞಾನ, ನಿಂಗೆ ಅರ್ಥ ಆಗಲ್ಲ ಬಿಡು!"

ಅವಳು ರಿಮೋಟ್ ಎತ್ತಿಕೊಂಡು ಚಿತ್ರವನ್ನು ಹಿಗ್ಗಿಸಿದಳು. ಪ್ರಭಾವಳಿ ಟಿವಿಯ ತುಂಬ ಬೆಳೆಯಿತು. ಒಳಮೈಯ ಕೆತ್ತನೆ ಹೊಳೆಯಿತು.

"ನಿಮ್ಮ ದೊಡ್ಡ ವಿಜ್ಞಾನಕ್ಕೆ ನಮ್ಮ ಮದುವೆ ತಾರೀಖು ಯಾರು ಹೇಳಿದ್ರು?"

ತಂಪಣ್ಣನಿಗೆ ಆಗ ನೆನಪಾಯಿತು. ಕೈಗೆ ಹತ್ತಿರವಿದ್ದ ಭದ್ರವಾದ ಜಾಗವೆಂದು ಉಂಗುರವನ್ನು ಡಬ್ಬಿಯೊಳಗೇ ಇಟ್ಟು, ಮೇಲೆ ಮುಚ್ಚಳ ಬಿಗಿದಿದ್ದ! ಇಷ್ಟು ಹೊತ್ತು ಒತ್ತಡವನ್ನು ಕುಣಿಸಿದ್ದು ಉಂಗುರಕ್ಕೆ ಅಂಟಿದ್ದ ಸೋಪು. ಅದು ಆವಿಯಾಗಿ ಮುಗಿದ ಮೇಲೆಯೇ ನಕ್ಷತ್ರ ನಿಂತದ್ದು. ಅವನು ಕೈಯನ್ನು ಗುಂಡಿಯತ್ತ ಚಾಚಿದ.

"ಆರಿಸಬೇಡಿ, ಇರಲಿ," ಎಂದಳು ಹೆಂಡತಿ ಮೆಲ್ಲಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ನಿಮ್ಮನ್ನ ವಿಚಾರಿಸಿಕೊಳ್ಳೋಕೆ ನಂಗೆ ಬೆಳಕು ಬೇಕು."