ರಾಯ್ಸ್ ಟಾಟ್ರೋ ಪರೀಕ್ಷೆಗೆ ಕೂತದ್ದು

ರಾಯ್ಸ್ ಟಾಟ್ರೋನ ಹೊಟ್ಟೆ ಎರಡೇ ಎರಡು ಅಂಗುಲ ಕಡಿಮೆಯಿದ್ದಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ. ಬೆಲ್ಟನ್ನು ಅಷ್ಟು ಬಿಗಿಯಾಗಿ ಎಳೆಯಬೇಕಾಗುತ್ತಿರಲಿಲ್ಲ, ಬಕಲ್ಲು ಹಿಮ ಕಚ್ಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತಲೂ ಇರಲಿಲ್ಲ. ಆದರೆ ಹೊಟ್ಟೆ ಇತ್ತು. ಇಪ್ಪತ್ತಾರು ವರ್ಷ ಸ್ಕೂಲ್ ಬಸ್ಸಿನ ಸೀಟಿನಲ್ಲಿ ಕೂತೇ ಬೆಳೆಸಿದ ಹೊಟ್ಟೆ, ಒಂದು ಬೆಳಗ್ಗೆಗೆ ಎಲ್ಲಿ ಬಚ್ಚಿಡಲಾದೀತು?

ನಮ್ಮ ಹಾರ್ಲೋ ಹಿಲ್‌ನಲ್ಲಿ ಕಾಲು ಆಡದವರಿಗೆ ಸಿಟ್-ಸ್ಕೀ ಕಲಿಸುತ್ತಿದ್ದವಳು ವರ್ನಾ. ಬಕೆಟ್ಟಿನಂಥ ಒಂದು ಕುರ್ಚಿ, ಅದರ ಕೆಳಗೆ ಹಿಮದ ಮೇಲೆ ಜಾರುವ ಒಂದು ಸ್ಕೀ ಹಲಗೆ. ಅದರಲ್ಲಿ ಕೂರಿಸಿ, ಹಿಂದಿನಿಂದ ಪಟ್ಟಿ ಹಿಡಿದು, ಎಂಥವರನ್ನೂ ಬೆಟ್ಟ ಇಳಿಸಿಬಿಡುತ್ತಿದ್ದಳು. ಮೂರು ವರ್ಷದ ಹಿಂದೆ ಮಂಡಿ ನೋವು ತಾಳದೆ ಅವಳು ಫ್ಲಾರಿಡಾಕ್ಕೆ ಹೊರಟುಹೋದಳು. ಪರೀಕ್ಷೆ ಪಾಸಾಗಿ ಬಿಲ್ಲೆ ಪಡೆದ ತರಬೇತುದಾರರಿಲ್ಲದೆ ಯಾರನ್ನೂ ಹಿಮಕ್ಕಿಳಿಸಕೂಡದೆಂದು ವಿಮೆಯವರು ಕಾಗದ ಕಳಿಸಿದರು. ಅಲ್ಲಿಂದ ಊರಿನ ಸಿಟ್-ಸ್ಕೀಗಳೆರಡೂ ಅಗ್ನಿಶಾಮಕ ಠಾಣೆಯ ಹಿಂದೆ ಧೂಳು ತಿನ್ನುತ್ತಿದ್ದವು. ಕಾಲು ಆಡದ ಒಂಬತ್ತು ಜನ ಕಿಟಕಿಯಲ್ಲಿ ಕೂತು ಬೆಟ್ಟ ನೋಡುತ್ತಿದ್ದರು.

"ನಾನು ಪಾಸ್ ಮಾಡ್ತೀನಿ, ನೋಡ್ತಿರಿ" ಎಂದು ಎದೆ ತಟ್ಟಿಕೊಂಡವನು ರಾಯ್ಸ್ ಒಬ್ಬನೇ. ಮೊದಲ ವರ್ಷ ಬರೆಯುವ ಪರೀಕ್ಷೆಯಲ್ಲೇ ಡುಮ್ಕಿ. ಎರಡನೆಯ ವರ್ಷ, ಬೆಟ್ಟದ ಮೇಲಕ್ಕೊಯ್ಯುವ ತೂಗುಕುರ್ಚಿಯ ಲಿಫ್ಟ್ ನಡೆಸುವವನಿಗೆ ನಿಧಾನಿಸೆಂದು ಕೈ ತೋರಿಸುವುದನ್ನು ಮರೆತು, ಪರೀಕ್ಷಕನನ್ನೇ ಹಿಮದ ಗುಡ್ಡೆಗೆ ಕೆಡವಿದ. ಈ ಸಲವೂ ಆಗದಿದ್ದರೆ ಸಿಟ್-ಸ್ಕೀಗಳನ್ನು ಮಾರಿಬಿಡುವುದೆಂದು ಊರಿನ ಸಮಿತಿ ತೀರ್ಮಾನಿಸಿತ್ತು.

ಪರೀಕ್ಷೆ ನಡೆಯುವ ದೊಡ್ಡ ಬೆಟ್ಟಕ್ಕೆ ಅವನ ಜೊತೆ ಇಬ್ಬರು ಬಂದಿದ್ದರು. ಒಬ್ಬಳು ಅಂಚೆ ಕಚೇರಿಯ ಬರ್ನಡೆಟ್, ಸಮಿತಿಯ ಕಾರ್ಯದರ್ಶಿ. ಲಕೋಟೆ ಮುಟ್ಟಿದರೆ ಸಾಕು, ಒಳಗಿನ ಸುದ್ದಿ ಹೇಳುವವಳು. ಇನ್ನೊಬ್ಬ ಪಕ್ಕದ ಮನೆಯ ಓರಿನ್ ಲಬೌಂಟಿ. ಇಪ್ಪತ್ತು ವರ್ಷದ ಹಿಂದೆ ಮರ ಕಡಿಯುವಾಗ ಬೆನ್ನಿನ ಮೇಲೆ ಮರ ಬಿದ್ದು ಗಾಲಿ ಕುರ್ಚಿ ಹಿಡಿದವನು, ವರ್ನಾಳ ಹಳೆಯ ಶಿಷ್ಯ. ಆ ಮರ ಅವನ ನಾಲಗೆಗೆ ಮಾತ್ರ ಏನೂ ಮಾಡಿರಲಿಲ್ಲ.

ಅವತ್ತು ಪರೀಕ್ಷೆಗೆ ಎರಡು ತಂಡ. ರಾಯ್ಸ್ ಮೊದಲನೆಯದರಲ್ಲಿ. ಎರಡನೆಯ ತಂಡದವರು ಪಾಠ ಹೇಳಿ ತೋರಿಸಲು ಓರಿನ್ ವಿದ್ಯಾರ್ಥಿಯಾಗಿ ಕೂರಬೇಕಿತ್ತು. ಇಂಥ ವಿದ್ಯಾರ್ಥಿಗಳಿಗೆ ಪರೀಕ್ಷಕರು ಮೊದಲೇ ಹೇಳಿಕೊಟ್ಟಿರುತ್ತಾರೆ: ಆದಷ್ಟು ಕಾಟ ಕೊಡಿ, ಸುಳ್ಳು ಹೇಳಿ, ಕಿರುಚಾಡಿ, ಅಭ್ಯರ್ಥಿಗಳು ತಾಳುತ್ತಾರೋ ಇಲ್ಲವೋ ನೋಡೋಣ. ಇದು ಅಭ್ಯರ್ಥಿಗಳಿಗೂ ಗೊತ್ತಿರುವ ಗುಟ್ಟು.

ಓರಿನ್‌ಗೆಂದು ತಂದಿಟ್ಟಿದ್ದ ಸಿಟ್-ಸ್ಕೀ ಅಂಗಳದಲ್ಲಿತ್ತು. "ಒಂದ್ಸಲ ನೀನೇ ಕೂತು ನೋಡೋ," ಅಂದ ಓರಿನ್. "ಎಲ್ಲಿ ಒತ್ತುತ್ತೆ, ಎಲ್ಲಿ ಚುಚ್ಚುತ್ತೆ ಅಂತ ಗೊತ್ತಿಲ್ದೆ ಬೇರೆಯವ್ರಿಗೆ ಏನ್ ಮಣ್ಣು ಕಲಿಸ್ತೀಯ?"

ಮಾತು ಸರಿ ಅನ್ನಿಸಿತು. ರಾಯ್ಸ್ ಕೂತ. ಬರ್ನಡೆಟ್ ಅವನ ಬೆನ್ನಿಗೆ ಮಂಡಿಯೂರಿ ಬೆಲ್ಟ್ ಎಳೆದಳು.

"ಉಸಿರು ಎಳ್ಕೊ! ಇನ್ನೂ ಎಳ್ಕೊ! ಬೆಳಿಗ್ಗೆ ಎಷ್ಟು ಪ್ಯಾನ್‌ಕೇಕ್ ತಿಂದ್ಯೋ ಮಹಾರಾಯ?"

"ಆರೇ ಆರು..."

"ಆರೂ ಇಲ್ಲೇ ಕೂತಿವೆ."

ಬೆನ್ನ ಹಿಂದೆ ಬಕಲ್ಲು ಟಕ್ ಎಂದಿತು. ಬಿಚ್ಚಲು ಹೋದರೆ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಗಂಟೆ ಒಂಬತ್ತೂ ನಲವತ್ತು.

"ಹತ್ತಕ್ಕೆ ಹಳದಿ ಬಾವುಟದ ಹತ್ರ ಹಾಜರಿ ಕಣೇ! ಒಂದ್ ನಿಮಿಷ ತಡ ಆದ್ರೂ ಸೇರಿಸ್ಕೊಳಲ್ಲ!"

"ಬಾಯ್ಮುಚ್ಕೊಂಡು ಕೂತಿರು. ಸ್ಕ್ರೂಡ್ರೈವರ್ ತರ್ತೀನಿ" ಎಂದು ಬರ್ನಡೆಟ್ ಓಡಿದಳು.

ರಾಯ್ಸ್ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದ. ಹಿಂದೆ ಯಾರೋ ಓರಿನ್ ಜೊತೆ ಎರಡು ಮಾತಾಡಿದ್ದು ಕೇಳಿಸಿತು. ಮರುಗಳಿಗೆಯಲ್ಲಿ ಇಬ್ಬರು ಅವನ ಎದುರು ಹಿಮದಲ್ಲಿ ಮಂಡಿಯೂರಿ, ಕಣ್ಣಿಗೆ ಕಣ್ಣು ಸೇರಿಸಿ ನಕ್ಕರು. ಇಬ್ಬರೂ ಎರಡನೆಯ ತಂಡದ ಅಭ್ಯರ್ಥಿಗಳು: ನಿವೃತ್ತ ಹಲ್ಲಿನ ಡಾಕ್ಟರ್ ಸ್ಟ್ಯಾನ್ಲಿ, ಶಿಶುವಿಹಾರದ ಟೀಚರ್ ಮರಿಬೆತ್. ಅವರ ಹಿಂದೆ ಪುಸ್ತಕ ಹಿಡಿದು ನಿಂತವರು ಆ ತಂಡದ ಪರೀಕ್ಷಕಿ, ಮಿಸೆಸ್ ಹ್ಯಾಸ್ಕಲ್.

"ಗುಡ್ ಮಾರ್ನಿಂಗ್ ಓರಿನ್!" ಅಂದಳು ಮರಿಬೆತ್.

"ನಾನು ಓರಿನ್ ಅಲ್ರೀ! ರಾಯ್ಸ್! ನಿಮ್ಮ ಹಾಗೇ ಪರೀಕ್ಷೆಗೆ ಬಂದವ್ನು!"

ಸ್ಟ್ಯಾನ್ಲಿ ಮರಿಬೆತ್ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಶುರು ಹಚ್ಕೊಂಡ್ರು. ಚೆನ್ನಾಗೇ ತಯಾರಾಗಿ ಬಂದಿದಾರೆ."

"ನನ್ನ ಕಾಲು ಗಟ್ಟಿಮುಟ್ಟಾಗಿದೆ ಕಣ್ರೀ! ಎದ್ದು ಓಡ್ತೀನಿ!"

"ಆಗ್ಲಿ ಸರ್, ಆಗ್ಲಿ." ಹಲ್ಲು ಕೀಳುವ ಮುಂಚೆ ಸಮಾಧಾನ ಹೇಳುವ ದನಿ ಅದು. "ಇವತ್ತು ನಿಮಗೆ ಏನೇನು ಆಸೆ ಇದೆ, ಹೇಳಿ."

"ಈ ಬಕಲ್ ಬಿಚ್ಚೋ ಆಸೆ ಇದೆ!"

"ಸ್ವಾತಂತ್ರ್ಯ ಬಯಸ್ತಾರೆ," ಎಂದು ಮರಿಬೆತ್ ಮೆಚ್ಚಿಕೊಂಡಳು. ಮಿಸೆಸ್ ಹ್ಯಾಸ್ಕಲ್ ಅದನ್ನು ಬರೆದುಕೊಂಡರು.

"ಲೋ ಓರಿನ್! ಹೇಳೋ ಇವ್ರಿಗೆ!" ರಾಯ್ಸ್ ಕತ್ತು ಹೊರಳಿಸಿದ. ಗಾಲಿ ಕುರ್ಚಿ ಇದ್ದ ಜಾಗ ಖಾಲಿಯಾಗಿತ್ತು.

ಇಬ್ಬರೂ ಅವನನ್ನು ಲಿಫ್ಟಿಗೆ ತಳ್ಳಿಕೊಂಡು ಹೋದರು. ಸ್ಟ್ಯಾನ್ಲಿ ಮರೆಯದೆ ಕೈ ತೋರಿಸಿ ಲಿಫ್ಟ್ ನಿಧಾನ ಮಾಡಿಸಿದ. ಒಂದು, ಎರಡು, ಮೂರು, ಎತ್ತು! ರಾಯ್ಸ್ ಆಕಾಶಕ್ಕೆ ಹೊರಟ. ಹತ್ತಕ್ಕೆ ಎರಡು ನಿಮಿಷವಿದ್ದಾಗ ಅವನ ಕಾಲ ಕೆಳಗೇ ಹಳದಿ ಬಾವುಟ ಹಾದುಹೋಯಿತು. ಸುತ್ತ ಅವನ ತಂಡದವರು ನೆರೆದಿದ್ದರು.

"ನಾನಿಲ್ಲಿದೀನೀ! ಟಾಟ್ರೋ! ಹಾಜರ್!" ಎಂದು ಅರಚಿದ.

ಸಿಟ್-ಸ್ಕೀಯಲ್ಲಿ ಕೂತವರೊಬ್ಬರು ಇಷ್ಟು ಖುಷಿಯಿಂದ ಕೂಗುತ್ತಿರುವುದನ್ನು ಕಂಡು ಕೆಳಗಿನವರೆಲ್ಲ ಎರಡೂ ಕೈ ಎತ್ತಿ ಬೀಸಿದರು.

ಇಳಿಯುವಾಗ ಅವನು ಮೊದಲು ಹಳದಿ ಬಾವುಟದ ಕಡೆಗೇ ವಾಲಿದ. "ಅಬ್ಬಾ, ಎಷ್ಟು ಉತ್ಸಾಹ!" ಎಂದು ಮರಿಬೆತ್ ಚಪ್ಪಾಳೆ ತಟ್ಟಿ ಇನ್ನೊಂದು ದಾರಿಗೆ ತಿರುಗಿಸಿದಳು. ಆಮೇಲೆ ಹಿಟ್ಟಿನ ಮೂಟೆಯಂತೆ ಸುಮ್ಮನೆ ಬಿದ್ದುಕೊಂಡ. "ಸುಸ್ತಾಯ್ತೇನೋ, ಚಾಕಲೇಟ್ ಕೊಡೋಣ" ಎಂದು ಬಾಯಿಗೇ ಇಟ್ಟರು. ಮೂರನೆಯ ತಿರುವಿನಲ್ಲಿ ಸ್ಟ್ಯಾನ್ಲಿ ಪಟ್ಟಿಯನ್ನು ಉದ್ದ ಬಿಟ್ಟ. ಸಿಟ್-ಸ್ಕೀ ಗಿರ್ರನೆ ತಿರುಗಿ ಹಿಮದ ದಿಬ್ಬಕ್ಕೆ ನುಗ್ಗಿತು. ರಾಯ್ಸ್‌ನ ಬಾಯಿ, ಮೂಗು, ಕಿವಿ ಎಲ್ಲಾ ಹಿಮ.

ಅವನಿಗೆ ಪಿತ್ತ ನೆತ್ತಿಗೇರಿತು. "ಅಯ್ಯೋ ದಡ್ಡ ಶಿಖಾಮಣಿ! ಪಟ್ಟಿ ಗಿಡ್ಡ ಹಿಡಿ! ಸ್ಕೀ ನೋಡ್ಬೇಡ, ನನ್ನ ಹೆಗಲು ನೋಡು! ತಿರುಗೋಕೆ ಮುಂಚೆ ಹೇಳು, ತಿರುಗಿದ್ಮೇಲೆ ಹೇಳಿದ್ರೆ ಯಾರಿಗೆ ಉಪಯೋಗ?"

ಸ್ಟ್ಯಾನ್ಲಿ ತಲೆಯಾಡಿಸಿ ಹೇಳಿದಂತೆಯೇ ಮಾಡಿದ. ಮುಂದಿನ ತಿರುವು ಬೆಣ್ಣೆಯಂತೆ ಬಂತು. "ಹಾಂ, ಹಾಗೆ! ಈಗ ಆ ಹುಡುಗಿ ಹಿಡೀಲಿ," ಅಂದ ರಾಯ್ಸ್. ಮೂರು ವರ್ಷ ಬಾಯಿಪಾಠ ಮಾಡಿದ್ದೆಲ್ಲ ಹೊರಗೆ ಬಂತು. ಮೂರು ಸಲ ಹತ್ತಿದರು, ಮೂರು ಸಲ ಇಳಿದರು. ಕೊನೆಯ ಸಲ ಗಾಳಿ ಮುಖಕ್ಕೆ ಹೊಡೆಯುವಾಗ ಅವನಿಗೆ ನಿಜಕ್ಕೂ ಸಂತೋಷವಾಯಿತು. ಊರಿನ ಒಂಬತ್ತು ಜನ ಯಾಕೆ ಕಿಟಕಿ ಬಿಟ್ಟೇಳುವುದಿಲ್ಲವೆಂದು ಆಗ ಅವನಿಗೆ ಅರ್ಥವಾಯಿತು.

ಕೆಳಗೆ ಬಂದಾಗ ಮಧ್ಯಾಹ್ನ. ಸ್ಟ್ಯಾನ್ಲಿಗೂ ಮರಿಬೆತ್‌ಗೂ ಅಲ್ಲೇ ಬಿಲ್ಲೆ ಸಿಕ್ಕಿತು. ಮಿಸೆಸ್ ಹ್ಯಾಸ್ಕಲ್ ರಾಯ್ಸ್‌ನ ಕೈ ಕುಲುಕಿದರು. "ಓರಿನ್ ಅವರೇ, ಇಷ್ಟು ಕಾಟ ಕೊಟ್ಟು ಇಷ್ಟು ಚೆನ್ನಾಗಿ ಪಾಠ ಹೇಳೋ ವಿದ್ಯಾರ್ಥಿನ ನಾನು ಕಂಡಿಲ್ಲ. ಬರೋ ವರ್ಷಾನೂ ತಪ್ಪಿಸ್ಬೇಡಿ."

ಆಗ ಬರ್ನಡೆಟ್ ಸ್ಕ್ರೂಡ್ರೈವರ್ ಹಿಡಿದು ಏದುಸಿರು ಬಿಡುತ್ತ ಬಂದಳು. "ಎಲ್ಲಿ ಹಾಳಾಗಿ ಹೋಗಿದ್ಯೋ? ಇಡೀ ಬೆಟ್ಟ ಹುಡುಕ್ದೆ!"

ಬಕಲ್ಲು ಬಿಚ್ಚಿದ್ದೇ ತಡ, ರಾಯ್ಸ್ ಎದ್ದು ಹಳದಿ ಬಾವುಟದ ಕಡೆ ಓಟ ಕಿತ್ತ. ಮಿಸೆಸ್ ಹ್ಯಾಸ್ಕಲ್ ತಮ್ಮ ಪುಸ್ತಕ ಬೀಳಿಸಿಕೊಂಡರು.

ಬಾವುಟದ ಹತ್ತಿರ ಮೊದಲ ತಂಡದ ಪರೀಕ್ಷಕ ಥರ್ಮನ್ ಸಾಮಾನು ಕಟ್ಟುತ್ತಿದ್ದ. ಹೋದ ವರ್ಷ ಲಿಫ್ಟಿನಿಂದ ಬಿದ್ದವನು ಅವನೇ. "ಟಾಟ್ರೋ," ಅಂದ, "ಹತ್ತು ಗಂಟೆಗೆ ಮೂರು ಸಲ ಹೆಸರು ಕೂಗಿದೆ. ಬರ್ಲಿಲ್ಲ. ಕಾಯೋ ಪಟ್ಟಿಯಲ್ಲಿ ಮೊದಲಿದ್ದೋರನ್ನ ತಗೊಂಡೆ. ಪರೀಕ್ಷೆ ಮುಗೀತು."

ರಾಯ್ಸ್ ಹಿಮದಲ್ಲೇ ಕುಸಿದು ಕೂತ. ಅವನಿಗೆ ಅಳುವೇ ಬಂತು. ಇನ್ನು ಸಿಟ್-ಸ್ಕೀಗಳು ಮಾರಾಟಕ್ಕೆ ಹೋದಂತೆಯೇ. ಊರಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಅಷ್ಟರಲ್ಲಿ ಇನ್ನೊಂದು ಸಿಟ್-ಸ್ಕೀಯಲ್ಲಿ ಸರ್ರನೆ ಜಾರಿ ಬಂದು ಓರಿನ್ ಪಕ್ಕಕ್ಕೆ ನಿಂತ. ಎದೆಯ ಮೇಲೆ ಹೊಸ ಬಿಲ್ಲೆ ಹೊಳೆಯುತ್ತಿತ್ತು.

"ನೀನಾ?" ರಾಯ್ಸ್‌ನ ಬಾಯಿ ಹಾಗೇ ತೆರೆದುಕೊಂಡಿತು. "ನೀನು ಯಾವಾಗ ಹೆಸರು ಕೊಟ್ಟೆ?"

"ನೀನು ಎರಡನೇ ಸಲ ಫೇಲಾದ ದಿನ. ಬರೆಯೋ ಪರೀಕ್ಷೆ ಆಗಲೇ ಮುಗಿಸಿದ್ದೆ. ಇಲ್ಲಿ ಜಾಗ ಮಾತ್ರ ಇರ್ಲಿಲ್ಲ."

"ಹಾಗಾದ್ರೆ ಆ ಇಬ್ರೂ ಬಂದು ಕೇಳಿದಾಗ..."

"'ಇಲ್ಲಿ ಓರಿನ್ ಯಾರು' ಅಂತ ಕೇಳಿದ್ರು. ಕೈ ತಾನಾಗೇ ನಿನ್ನ ಕಡೆ ಹೋಯ್ತು." ಓರಿನ್ ಕನ್ನಡಕ ತೆಗೆದು ಒರೆಸಿದ. "ಬೈಯೋದಾದ್ರೆ ಬೈಯಪ್ಪ. ಒಂಬತ್ತು ಜನ ಮೂರು ಚಳಿಗಾಲ ಕಾದಿದಾರೆ. ಆ ಒಂಬತ್ತರಲ್ಲಿ ನಾನೂ ಒಬ್ಬ. ನಿನ್ನ ಕೈಗೆ ಇನ್ನೊಂದು ಚಳಿಗಾಲ ಕೊಡೋಕೆ ನಂಗೆ ಧೈರ್ಯ ಬರ್ಲಿಲ್ಲ."

ರಾಯ್ಸ್ ಬೈಯಲು ಬಾಯಿ ತೆರೆದ. ಸಿಟ್-ಸ್ಕೀಗಳು ಊರಲ್ಲೇ ಉಳಿದುಕೊಂಡವಲ್ಲ ಎಂದು ಹೊಳೆದು ಬಾಯಿ ಮುಚ್ಚಿದ. ಆದರೂ ಒಂದು ಹಿಡಿ ಹಿಮ ತೆಗೆದು ಬಾವುಟದ ಕಂಬಕ್ಕೆ ಎಸೆದ.

"ನಂಗೂ ಬರೋ ವರ್ಷ ಇದ್ದೇ ಇದೆ," ಎಂದು ಗೊಣಗಿದ.

ಥರ್ಮನ್ ಅಡ್ಡಡ್ಡ ತಲೆಯಾಡಿಸಿದ. "ನಿಯಮ ಬದಲಾಗಿದೆ. ಬರೋ ವರ್ಷದಿಂದ, ಬಿಲ್ಲೆ ಇರೋ ತರಬೇತುದಾರರ ಕೈಕೆಳಗೆ ಒಂದು ಚಳಿಗಾಲ ದುಡೀಬೇಕು. ಅವರು ಶಿಫಾರಸು ಬರೆದುಕೊಟ್ರೆ ಮಾತ್ರ ಪರೀಕ್ಷೆ."

ಹಾರ್ಲೋ ಹಿಲ್‌ನಲ್ಲಿ ಬಿಲ್ಲೆ ಇರುವ ತರಬೇತುದಾರ ಒಬ್ಬನೇ. ರಾಯ್ಸ್ ನಿಧಾನವಾಗಿ ಅವನ ಕಡೆ ತಿರುಗಿದ.

"ಬರೆದುಕೊಡ್ತೀಯ ತಾನೇ, ಓರಿನ್?"

ಓರಿನ್ ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡ.

"ನೋಡೋಣ. ಪಾಠ ಚೆನ್ನಾಗಿ ಹೇಳ್ತೀಯಂತೆ, ಈಗ ಬರುವಾಗ ಹ್ಯಾಸ್ಕಲ್ ಮೇಡಂ ಹೊಗಳ್ತಿದ್ರು. ಆದ್ರೆ ನಿನ್ನ ಹಾಜರಿ ಸರಿ ಇಲ್ವಲ್ಲೋ."