ಒಣಗಿಸಿದರೆ ಸಾಕು

ಲಿಫ್ಟಿನಲ್ಲಿ ಬಾಯಿ ಬಿಟ್ಟದ್ದೇ ದಾಲ್ಸು ಮಾಡಿದ ಮೊದಲ ತಪ್ಪು.

ಕೊರಿಯಾದ ಬಂದರು ಊರು ಮೋಕ್ಪೋದಲ್ಲಿ ಮಳೆ ಹಿಡಿದು ವಾರಗಳೇ ಕಳೆದಿದ್ದವು. ಅವನ ಮನೆಯ ಬಾಲ್ಕನಿಯಲ್ಲಿ ನೇತುಹಾಕಿದ್ದ ಹತ್ತಿಯ ಹೊದಿಕೆ ಒಣಗುವುದಿರಲಿ, ದಿನದಿಂದ ದಿನಕ್ಕೆ ಇನ್ನಷ್ಟು ಹಸಿಯಾಗುತ್ತ, ಉಪ್ಪು ಹಾಕಿ ಮರೆತುಬಿಟ್ಟ ಮೀನಿನ ಹಾಗೆ ನಾರತೊಡಗಿತ್ತು. ಅದು ಹೆಂಡತಿ ಮಾಲ್ಜಾಳ ಹೊದಿಕೆ. ಬೇರೆ ಯಾವುದು ಕೊಟ್ಟರೂ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಟ್ಟೆ ಹಿಂಡಿ ಹಿಂಡಿ ಬಲಗೈ ಮಣಿಕಟ್ಟು ಕೆಟ್ಟು, ಆಪರೇಷನ್ ಮಾಡಿಸಿಕೊಂಡು ಅವಳು ಆಸ್ಪತ್ರೆಯಲ್ಲಿದ್ದಳು. ಇವತ್ತು ಸಂಜೆ ಮಗಳು ಹೇರಿಮ್ ಅವಳನ್ನು ಮನೆಗೆ ಕರೆತರುವವಳಿದ್ದಳು. ಅಷ್ಟರೊಳಗೆ ಒಂದು ಡ್ರೈಯರ್ ತಂದು, ಆ ಹೊದಿಕೆಯನ್ನು ಬೆಚ್ಚಗೆ ಒಣಗಿಸಿ ಹಾಸಿಡಬೇಕು. ದಾಲ್ಸುವಿಗೆ ಇದ್ದ ಆಸೆ ಇಷ್ಟೇ. ಹಿಂಡಿದ ಕೈ ಅವಳದಾದರೂ ಹಿಂಡಿಸಿಕೊಂಡ ಅಂಗಿಗಳು ಅವನವು.

ಬೆಳಿಗ್ಗೆ ಫೋನಿನಲ್ಲಿ ಅವಳು ಸ್ಪಷ್ಟವಾಗಿಯೇ ಹೇಳಿದ್ದಳು. "ರೀ, ಸಾದಾ ಮಷೀನ್ ತನ್ನಿ. ಒಣಗಿಸಿದರೆ ಸಾಕು. ಹಾಡೋದು, ಮಾತಾಡೋದು ಏನೂ ಬೇಡ. ಅದಕ್ಕೆಲ್ಲ ನೀವಿದ್ದೀರಲ್ಲ."

"ಎಲ್ಲಿಗೆ ಹೊರಟ್ರಿ, ಹೇರಿಮ್ ಅಪ್ಪಾ?" ಲಿಫ್ಟಿನಲ್ಲಿ ತಾಕ್ ಅಕ್ಕ ಕೇಳಿದಳು. ಆಕೆ ಕಟ್ಟಡದ ಹೆಂಗಸರ ಮುಖಂಡೆ. ಯಾರ ಮನೆಯ ಕಿಮ್ಚಿ ಉಪ್ಪಿನಕಾಯಿ ಹುಳಿಯಾಯಿತೆಂಬುದು ಆ ಮನೆಯವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು.

"ಡ್ರೈಯರ್ ತರೋಣ ಅಂತ, ಅಕ್ಕಾ."

"ಒಬ್ಬರೇನಾ?" ದಾಲ್ಸು ಒಬ್ಬನೇ ಸಮುದ್ರ ಈಜಲು ಹೊರಟಂತೆ ಆಕೆ ನೋಡಿದಳು. "ಅಂಗಡಿಯವರು ನಿಮ್ಮ ತಲೆ ಮೇಲೆ ಇಡೀ ಅಂಗಡೀನೇ ಹೊರಿಸ್ತಾರೆ. ನಡೀರಿ, ನಾನು ಬರ್ತೀನಿ."

ಕೆಳಗೆ ತಲುಪುವಷ್ಟರಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಮೇಂಗ್ ಸೇರಿಕೊಂಡರು. ಮಳೆಯಿರಲಿ ಬಿಸಿಲಿರಲಿ ಬೆಟ್ಟ ಹತ್ತುವ ಬೂಟಿನಲ್ಲೇ ತಿರುಗುವ ಮನುಷ್ಯ ಅವರು. ಬಾಗಿಲ ಬಳಿ ಏಳನೇ ಮಹಡಿಯ ಬೊಂಗ್ಹೀ ಸಿಕ್ಕಿದಳು. ಮದುವೆ ಬೇಡವೆಂದು ಮೂರು ನಾಯಿ ಸಾಕಿಕೊಂಡವಳು. ದಾಲ್ಸು ಟ್ಯಾಕ್ಸಿ ಓಡಿಸುವವನು. ಅವನ ರಜಾದಿನದಂದು ಅವನದೇ ಟ್ಯಾಕ್ಸಿಯಲ್ಲಿ ಮೂರು ಜನ ಕೂತು, ಯಾವ ದಾರಿಯಲ್ಲಿ ಹೋದರೆ ಬೇಗ ಎಂದು ಅವನಿಗೇ ಹೇಳಿಕೊಟ್ಟರು.

ದಾಲ್ಸುವಿಗೆ ಮಾತ್ರ ಮನಸ್ಸು ತುಂಬಿ ಬಂದಿತ್ತು. ಈ ಕಾಲದಲ್ಲಿ ಇನ್ನೊಬ್ಬರ ಮಷೀನಿಗಾಗಿ ಯಾರು ಮಳೆಯಲ್ಲಿ ಹೊರಡುತ್ತಾರೆ?

ಅಂಗಡಿಯಲ್ಲಿ ಎರಡು ಡ್ರೈಯರ್‌ಗಳ ಮುಂದೆ ನಿಂತರು. ಒಂದು ಬಿಳಿಯದು. ಒಂದೇ ಗುಂಡಿ, ಬಡವರ ಮನೆಯ ಮಗುವಿನ ಹಾಗೆ ಸುಮ್ಮನೆ ಮೂಲೆಯಲ್ಲಿತ್ತು. ಇನ್ನೊಂದು ಕಪ್ಪಗೆ, ಎತ್ತರಕ್ಕೆ, ವಿಮಾನದಷ್ಟು ದೀಪ ಮಿನುಗಿಸುತ್ತ ನಿಂತಿತ್ತು.

"ಇದು ಒಣಗಿಸುತ್ತಾ?" ಬಿಳಿಯದನ್ನು ತೋರಿಸಿ ದಾಲ್ಸು ಕೇಳಿದ.

"ಒಣಗಿಸುತ್ತೆ ಸಾರ್," ಎಂದ ಅಂಗಡಿಯವನು, ದೂರದ ನೆಂಟರ ಸಾವಿನ ಸುದ್ದಿ ಹೇಳುವ ದನಿಯಲ್ಲಿ. "ಅಷ್ಟೇ ಮಾಡುತ್ತೆ."

"ಅಷ್ಟೇ?" ತಾಕ್ ಅಕ್ಕ ಹೌಹಾರಿದಳು. "ಹಬೆ ಬಿಟ್ಟು ಸುಕ್ಕು ತೆಗೆಯಲ್ವಾ? ನಾಳೆ ಮಾಲ್ಜಾ ಆ ಕೈಯಲ್ಲಿ ಇಸ್ತ್ರಿ ಮಾಡಬೇಕಾ? ನಿಮಗೆ ಮನಸ್ಸಾದರೂ ಹೇಗೆ ಬರುತ್ತೆ?"

"ಕಪ್ಪದರಲ್ಲಿ ನಾಯಿ ಕೂದಲು ತೆಗೆಯೋದೂ ಇದೆ, ಅಣ್ಣಾ," ಎಂದಳು ಬೊಂಗ್ಹೀ.

"ನಮ್ಮನೇಲಿ ನಾಯಿ ಇಲ್ವಲ್ಲಮ್ಮ."

"ಇವತ್ತಿಲ್ಲ."

ಮೇಂಗ್ ಮೇಷ್ಟ್ರು ಕಪ್ಪದರ ಬಾಗಿಲೊಳಗೆ ತಲೆ ಹಾಕಿ, "ಬೂಟು ಒಣಗಿಸೋಕೆ ತಟ್ಟೆ ಕೊಟ್ಟಿದ್ದಾರೆ ಕಣಯ್ಯಾ!" ಎಂದು ಒಳಗಿನಿಂದಲೇ ಕೂಗಿದರು.

"ನಾನು ಬೆಟ್ಟ ಹತ್ತಲ್ಲ ಮೇಷ್ಟ್ರೇ."

"ತಟ್ಟೆ ಇಲ್ಲದ್ದಕ್ಕೇ ಹತ್ತಿಲ್ಲ ನೀನು."

ದಾಲ್ಸು ಬಿಳಿಯದರ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಮೂವರ ಮುಖ ನೋಡಿದ. ಇಷ್ಟು ಕಕ್ಕುಲಾತಿಯಿಂದ ಹೇಳುವವರ ಮಾತು ತೆಗೆದುಹಾಕಲು ಅವನಿಗೆ ಬಾಯಿ ಬರಲಿಲ್ಲ. ಕಪ್ಪದನ್ನೇ ಕೊಂಡ. ಪ್ರದರ್ಶನಕ್ಕಿಟ್ಟದ್ದನ್ನೇ ಮಧ್ಯಾಹ್ನದೊಳಗೆ ಕಳಿಸುವುದಾಗಿ ಅಂಗಡಿಯವನು ಒಪ್ಪಿದ.

ಕಪ್ಪು ಯಂತ್ರ ಬಾಲ್ಕನಿಯ ಬಾಗಿಲಿಗಿಂತ ಅಗಲವಾಗಿತ್ತು. ತಾಕ್ ಅಕ್ಕ ಬಾಗಿಲ ಚೌಕಟ್ಟು ಬಿಚ್ಚಿಸಿದಳು. ಕಿಮ್ಚಿ ಇಡುವ ಫ್ರಿಜ್ ಬಾಲ್ಕನಿಯಿಂದ ಎದ್ದು ಹಜಾರಕ್ಕೆ ಬಂದು ಟೀವಿಯನ್ನು ಮುಚ್ಚಿತು. ಟೀವಿ ಮಲಗುವ ಕೋಣೆಗೆ ಹೋಯಿತು. ಮೇಂಗ್ ಮೇಷ್ಟ್ರು ಸೀಟಿ ಊದುತ್ತ ಅಪ್ಪಣೆ ಕೊಟ್ಟರು. ತಂದವರು ಬೆವರೊರೆಸಿಕೊಂಡು ಹೋದ ಮೇಲೆ ದಾಲ್ಸು ಹೊದಿಕೆಯನ್ನು ಒಳಗೆ ತುರುಕಿ ಗುಂಡಿ ಒತ್ತಿದ. ಯಂತ್ರ ತಿರುಗಿತು. ಅವನ ಕಣ್ಣು ಒದ್ದೆಯಾಯಿತು.

"ನೀವಿಲ್ಲದಿದ್ದರೆ ನಾನೇನು ಮಾಡ್ತಿದ್ದೆ!" ಎಂದು ಮೂವರಿಗೂ ಸೊಂಟ ಬಗ್ಗಿಸಿ ವಂದಿಸಿದ.

ಅವರು ಹೋದ ಮೇಲೂ ಆ ಋಣ ಎದೆಯ ಮೇಲೆ ಕೂತೇ ಇತ್ತು. ಬರೀ ಬಾಯಿಮಾತಿನ ಥ್ಯಾಂಕ್ಸ್ ಸಾಲದೆನಿಸಿ, ಬೀದಿ ತುದಿಯ ಅಂಗಡಿಗೆ ಹೋಗಿ ಕೆಂಪು ಕಾಳು ಉದುರಿಸಿದ ಅಕ್ಕಿ ಕಡುಬನ್ನು ಒಂದು ದೊಡ್ಡ ಹಬೆಪಾತ್ರೆ ತುಂಬ ಹಾಕಿಸಿಕೊಂಡ. ಮೂವರಿಗೆ ಮಾತ್ರ ಕೊಟ್ಟರೆ ಉಳಿದವರು ಏನೆಂದುಕೊಂಡಾರು? ಮೇಲಿನ ಮಹಡಿಯಿಂದ ಹಿಡಿದು ಪ್ರತಿ ಬಾಗಿಲೂ ತಟ್ಟಿದ. ಬಿಸಿ ಕಡುಬಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಡುಬು ಕೊಡುವಾಗ ಎಲ್ಲರ ಬಾಯಿಗೂ ತಾನಾಗಿ ಬರುವ ಮಾತನ್ನೇ ಹೇಳಿದ.

"ನಮ್ಮನೇಲಿ ಹೊಸ ಡ್ರೈಯರ್ ಬಂದಿದೆ. ದೊಡ್ಡದು. ಮುಂದೆಯೂ ನಿಮ್ಮ ಪ್ರೀತಿ ವಿಶ್ವಾಸ ಹೀಗೇ ಇರಲಿ."

"ಓಹೋ! ಬಾರದೆ ಇರ್ತೀವಾ?" ಎಂದರು ಎಲ್ಲರೂ. ಎಂಥ ಜನ, ಎಂದುಕೊಂಡ ದಾಲ್ಸು.

ಖಾಲಿ ಹಬೆಪಾತ್ರೆ ಹಿಡಿದು ಅವನು ತನ್ನ ಮಹಡಿಗೆ ಬಂದಾಗ ಮೆಟ್ಟಿಲ ತುಂಬ ಜನ ನಿಂತಿದ್ದರು. ಒಬ್ಬೊಬ್ಬರ ಕಂಕುಳಲ್ಲೂ ಒದ್ದೆ ಬಟ್ಟೆಯ ಗಂಟು. ಬಾಗಿಲ ಮುಂದೆ ಕೆಂಪು ರಿಬ್ಬನ್ ಕಟ್ಟಿದ ಹೂಕುಂಡ. ರಿಬ್ಬನ್ ಮೇಲೆ ಚಿನ್ನದ ಅಕ್ಷರ: ವ್ಯಾಪಾರ ವೃದ್ಧಿಯಾಗಲಿ.

ದಾಲ್ಸುವಿನ ಕಾಲು ಅಲ್ಲೇ ನಿಂತಿತು. ಬಾಗಿಲು ಬಾಗಿಲಿಗೆ ಕೆಂಪು ಕಾಳಿನ ಕಡುಬು ಹಂಚುವವರು ಎರಡೇ ಬಗೆಯವರು. ಹೊಸದಾಗಿ ಮನೆಗೆ ಬಂದವರು, ಇಲ್ಲವೇ ಹೊಸದಾಗಿ ಅಂಗಡಿ ತೆರೆದವರು. ದಾಲ್ಸು ಈ ಮನೆಗೆ ಬಂದಾಗ ಹೇರಿಮ್ ಇನ್ನೂ ತೊಟ್ಟಿಲಲ್ಲಿದ್ದಳು.

"ಎಂಥ ಗುಟ್ಟಿನ ಮನುಷ್ಯ ರೀ ನೀವು!" ಒಳಗಿನಿಂದ ತಾಕ್ ಅಕ್ಕ ಬಂದಳು. ಬಾಗಿಲ ಬೀಗದ ಗುಪ್ತ ಸಂಖ್ಯೆ ಆಕೆಗೆ ಗೊತ್ತಿಲ್ಲದ ಮನೆ ಆ ಕಟ್ಟಡದಲ್ಲಿರಲಿಲ್ಲ. "ನಾವು ಹೇಳಿದ್ದಕ್ಕೆ ದೊಡ್ಡದು ತಗೊಂಡ್ರಿ ಅಂತ ಪೆದ್ದರ ಹಾಗೆ ಬೀಗ್ತಿದ್ದೆವು. ಲಾಂಡ್ರಿ ಹಾಕೋ ಯೋಚನೆ ಅಂತ ಕಡುಬು ಬಂದ ಮೇಲೆ ಗೊತ್ತಾಯ್ತು! ಮೊದಲ ದಿನವೇ ಗಿರಾಕಿಗಳನ್ನ ಕಾಯಿಸಬಾರದು, ಅದಕ್ಕೇ ನಾನೇ ಶುರು ಮಾಡಿಸಿದೆ."

"ಅಕ್ಕಾ, ಒಳಗೆ ಹೊದಿಕೆ..."

"ತೆಗೆದಿಟ್ಟೆ. ನಿಮ್ಮದೇ ತಾನೆ, ಯಾವಾಗ ಬೇಕಾದರೂ ಒಣಗಿಸಬಹುದು."

ಅರ್ಧ ಒಣಗಿದ ಹೊದಿಕೆ ಕಿಮ್ಚಿ ಫ್ರಿಜ್ಜಿನ ಮೇಲೆ ಸೋತ ಕುಸ್ತಿಪಟುವಿನ ಹಾಗೆ ಬಿದ್ದಿತ್ತು. ಯಂತ್ರದೊಳಗೆ ಬೊಂಗ್ಹೀಯ ನಾಯಿಗಳ ಕಂಬಳಿ ಸುತ್ತುತ್ತಿತ್ತು. ಮುಂದಿನ ಸರದಿಗೆ ತಾಕ್ ಅಕ್ಕನ ಚರ್ಚಿನ ಹಾಡುಗಾರರ ನಿಲುವಂಗಿಗಳು ಕಾಯುತ್ತಿದ್ದವು. ಮೇಂಗ್ ಮೇಷ್ಟ್ರು ಬರಿಗಾಲಲ್ಲಿ, ಬೂಟನ್ನು ಎದೆಗವುಚಿಕೊಂಡು ಸಾಲಿನಲ್ಲಿ ನಿಂತಿದ್ದರು.

ಇದು ಲಾಂಡ್ರಿಯಲ್ಲ ಎಂದು ಕೂಗಿಬಿಡಬೇಕೆಂದು ದಾಲ್ಸು ಬಾಯಿ ತೆರೆದ. ಆದರೆ ಎಲ್ಲರ ತುಟಿಯ ಮೇಲೂ ಅವನ ಕಡುಬಿನ ಕೆಂಪು ಪುಡಿ ಇತ್ತು. ಕಡುಬು ತಿನ್ನಿಸಿ ವಾಪಸ್ ಹೋಗಿ ಎನ್ನುವುದು ಹೇಗೆ? ಆ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು. ಬ್ಯಾಂಡೇಜಿನ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ಮಾಲ್ಜಾ ಮಗಳೊಂದಿಗೆ ಹೊರಬಂದಳು.

ಜನ, ಹೂಕುಂಡ, ರಿಬ್ಬನ್. ಕನ್ನಡಕ ಅವಳ ಚೀಲದ ತಳದಲ್ಲೆಲ್ಲೋ ಇತ್ತು.

"ನನಗೋಸ್ಕರ ಇಷ್ಟು ಜನ!" ಎಂದು ಅವಳು ಗೋಡೆ ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಅತ್ತಿರದಿದ್ದವಳು ಈಗ ಅತ್ತಳು. "ನಿಮ್ಮ ಋಣ ಹೇಗೆ ತೀರಿಸಲಿ? ಇದನ್ನ ನಿಮ್ಮದೇ ಮನೆ ಅಂದುಕೊಳ್ಳಿ. ಯಾವ ಹೊತ್ತಿನಲ್ಲಾದರೂ ಬನ್ನಿ, ಬಾಗಿಲು ಹಾಕೋದೇ ಇಲ್ಲ!"

ಮೆಟ್ಟಿಲ ತುಂಬ ಚಪ್ಪಾಳೆ ಎದ್ದಿತು. ದಾಲ್ಸು ತೆರೆದ ಬಾಯಿ ಮುಚ್ಚಿದ. ಹೇರಿಮ್ ರಿಬ್ಬನ್ ಓದಿ, ಅಪ್ಪನ ಮುಖ ನೋಡಿ, ಹೂಕುಂಡವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಟ್ಟಳು.

ಕತ್ತಲಾಗುವ ಹೊತ್ತಿಗೆ ಮಾಲ್ಜಾ ಹಾಸಿಗೆಯ ಅಂಚಿನಲ್ಲಿ ಕೂತು ಹೊದಿಕೆ ಕೇಳಿದಳು. ದಾಲ್ಸು ಬಾಲ್ಕನಿಗೆ ಹೋಗಿ, ಸಾಲನ್ನು ನೋಡಿಕೊಳ್ಳುತ್ತಿದ್ದ ತಾಕ್ ಅಕ್ಕನ ಕಿವಿಯಲ್ಲಿ ಬೇಡಿಕೊಂಡ. ಆಕೆ ನಿಂತ ಜನರನ್ನು ಎಣಿಸಿದಳು, ತಲೆ ಕೆರೆದುಕೊಂಡಳು, ನಿಟ್ಟುಸಿರು ಬಿಟ್ಟಳು.

"ನೀವು ಅಂತ ಹೇಗೋ ಮಧ್ಯದಲ್ಲಿ ತೂರಿಸ್ತೀನಿ, ಹೇರಿಮ್ ಅಪ್ಪಾ. ನಾಳಿದ್ದು ಮಧ್ಯಾಹ್ನ. ಬೇರೆ ಯಾರಿಗೂ ಹೇಳಬೇಡಿ, ಜಗಳ ಆಗುತ್ತೆ."

ದಾಲ್ಸು ಸೊಂಟ ಬಗ್ಗಿಸಿ, ಮನಸಾರೆ ಥ್ಯಾಂಕ್ಸ್ ಹೇಳಿದ.