ಗಂಟಲೊಳಗಿನ ಬಿಡಾರ

ನಮ್ಮ ಅತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಗಂಟಲು ನೆನಪಿರುತ್ತದೆ!

ತಮಾಷೆಗೆ ಹೇಳುತ್ತಿಲ್ಲ. ಅಪ್ಪನ ಅಕ್ಕ ಅವಳು. ಬಿಜೂರಿನ ಸುತ್ತಮುತ್ತ ಮೂವತ್ತು ವರ್ಷ ಮನೆಮನೆ ತಿರುಗಿ ಮಕ್ಕಳಿಗೆ ಸೂಜಿ ಚುಚ್ಚಿದ ನರ್ಸಮ್ಮ. ರಿಟೈರ್ ಆಗಿದ್ದಾಳೆ. ಸರ್ಕಾರ ಅವಳನ್ನು ಬಿಟ್ಟಿದೆ, ಅವಳು ನಮ್ಮ ಗಂಟಲುಗಳನ್ನು ಬಿಟ್ಟಿಲ್ಲ. ಅವಳ ಚೀಲದಲ್ಲಿ ಯಾವಾಗಲೂ ಒಂದು ಸಣ್ಣ ಟಾರ್ಚು, ಒಂದು ಸ್ಟೀಲ್ ಚಮಚ. ಚಮಚ ತಿನ್ನುವುದಕ್ಕೆ ಅಂದುಕೊಂಡಿರಾ? ಅಲ್ಲ. ಹಿಡಿಯಿಂದ ನಾಲಿಗೆ ಒತ್ತಿ ಒಳಗೆ ಇಣುಕುವುದಕ್ಕೆ.

ಮೊನ್ನೆ ಸಾಲಿಗ್ರಾಮದಲ್ಲಿ ಒಂದು ಮದುವೆ. ಮದುಮಗ ಬಂದು ಅತ್ತೆಯ ಕಾಲಿಗೆ ಬಿದ್ದ.

"ನೀ ಯಾರ್ ಮಗನಾ?" ಎಂದಳು. ಮದುವೆಗೆ ಬಂದು ಮದುಮಗನಿಗೇ ಈ ಪ್ರಶ್ನೆ!

"ಗುರ್ತ ಸಿಕ್ಲಿಲ್ಯಾ ನರ್ಸಮ್ಮ? ನಾ ಸಣ್ಣ ಮಾಣಿ ಇಪ್ಪತಿಗ್ ನೀವೇ ಸೂಜಿ ಹಾಕದ್ದ್."

"ಬಾಯ್ ತೆಗಿ, ಕಾಂಬ."

ಪೇಟ ಕಟ್ಟಿಕೊಂಡ ಮದುಮಗ ಮಂಟಪದ ಎದುರೇ ಆ ಎಂದು ಬಾಯಿ ತೆರೆದ. ಅತ್ತೆ ಟಾರ್ಚ್ ಬಿಟ್ಟಳು. "ಓಹೋ! ಕಿರುನಾಲ್ಗಿ ಎಡಕ್ಕ್ ವಾಲಿದ್ದ್! ನೀ ಶಾಲಿ ಹತ್ರದ ಮನಿ ಎರಡ್ನೇ ಮಾಣಿ ಅಲ್ದಾ!"

ಫೋಟೋದವ ಬಿಡುತ್ತಾನೆಯೇ? ಆಲ್ಬಮ್ಮಿನಲ್ಲಿ ತಾಳಿ ಕಟ್ಟಿದ್ದು ಅರ್ಧ ಪುಟ. ಕಿರುನಾಲಿಗೆ ಇಡೀ ಪುಟ.

ಇಂಥ ಹೆಂಗಸಿನ ಕೈಗೆ ನನ್ನ ವಾಲಿಬಾಲ್ ಟೀಮು ಸಿಕ್ಕಿದ್ದು ಹೇಗೆ ಎಂದು ಹೇಳುತ್ತೇನೆ.

ನಾನು ಗೂಡ್ಸ್ ರಿಕ್ಷಾ ಓಡಿಸುವವ. ಸಂಜೆ ಆಟ. ನಮ್ಮದು ಆರು ಜನರ ಟೀಮು. ನಾನು ಕ್ಯಾಪ್ಟನ್, ಉಳಿದ ಐವರೂ ಪಿಯುಸಿ ಹುಡುಗರು. ಅದರಲ್ಲಿ ಪ್ರೀತಂ ಸೆಟ್ಟರ್. ಅವನು ಬೆರಳ ತುದಿಯಲ್ಲಿ ಎತ್ತಿ ಕೊಟ್ಟ ಬಾಲನ್ನು ನನ್ನಂಥವನೂ ಹೊಡೆಯಬಹುದು, ಅಷ್ಟು ಚೆಂದ. ಒಂದು ದಿನ ಅಣ್ಣನ ಸ್ಕೂಟರಿನ ಹಿಂದೆ ಕುಳಿತು ಮರವಂತೆ ದಾಟುತ್ತಿದ್ದ. ಆ ಕಡೆ ಸಮುದ್ರ, ಈ ಕಡೆ ಹೊಳೆ. ಅಣ್ಣ ಎರಡನ್ನೂ ನೋಡಿದ, ರಸ್ತೆಯೊಂದನ್ನು ಬಿಟ್ಟು! ಅಣ್ಣನಿಗೆ ಮೊಣಕಾಲು ತರಚಿತು. ಪ್ರೀತಂಗೆ ಹೊಟ್ಟೆಯೊಳಗೆ ಗುಲ್ಮ ಒಡೆಯಿತು. ಎಡಗಡೆ ಪಕ್ಕೆಲುಬಿನ ಕೆಳಗೆ ಅಂಥದ್ದೊಂದು ಇರುತ್ತದೆ ಎಂದು ನಮಗೆ ಗೊತ್ತಾದದ್ದೇ ಅದನ್ನು ತೆಗೆದ ಮೇಲೆ.

ಗುಲ್ಮ ಇಲ್ಲದವರಿಗೆ ಕೆಲವು ರೋಗಾಣು ಹೊಕ್ಕರೆ ಬಹಳ ಬೇಗ ಜೋರಾಗುತ್ತದಂತೆ. ಅದರಲ್ಲಿ ಒಂದು ಮಿದುಳಿನ ಪೊರೆಗೆ ಬರುವ ಜ್ವರ, ಮೆನಿಂಜೈಟಿಸ್. ಅದಕ್ಕೆ ಲಸಿಕೆ ಹಾಕಿ ಕಳಿಸಿದರು. ಕೆಲವು ತಿಂಗಳು ಕಳೆದು ಆಪರೇಷನ್ ಮಾಡಿದ ಡಾಕ್ಟರೇ ಇನ್ನು ಆಡಬಹುದು ಎಂದರು.

ಡಾಕ್ಟರ್ ಹೇಳಿದರೆ ಆಯಿತೇ? ತಾಯಿ ಹೇಳಬೇಡವೇ? ಅವರು ಮಗನನ್ನು ಮನೆಯೊಳಗೇ ಕೂರಿಸಿದ್ದರು. ಬಂದವರೆಲ್ಲ ಅಂಗಳದಿಂದಲೇ ಮಾತಾಡಿಸಿ ಹೋಗಬೇಕು. ಅವನ ಅಜ್ಜಿಗೂ ಹತ್ತಿರ ಹೋಗುವ ಪರ್ಮಿಷನ್ ಇಲ್ಲ! ನಾನು ಅಂಗಳದಲ್ಲಿ ನಿಂತು ಕೇಳಿದೆ.

"ಅಕ್ಕಾ, ಸೂಜಿ ಆಯ್ತಲ್ದಾ? ಮಾಣಿನ ಆಡುಕೆ ಕಳ್ಸಿ."

"ನಿನ್ ಟೀಮಿನ ಮಕ್ಳ ಗಂಟ್ಲಂಗೆ ಎಂತ ಇತ್ತ್ ಅಂದ್ಹೇಳಿ ನಿಂಗ್ ಗೊತ್ತಿತ್ತಾ?"

"ಗುಟ್ಕಾ ಅಂತೂ ಇಲ್ಲೆ ಅಕ್ಕಾ."

"ಗುಟ್ಕಾ ಅಲ್ದಾ! ಆ ಜ್ವರದ ಹುಳ ಗಟ್ಟಿಮುಟ್ಟಾದ್ ಮಕ್ಳ ಗಂಟ್ಲಂಗೇ ಇರತ್ತಂಬ್ರ್. ಅವ್ಕೆ ಎಂತ ಆತಿಲ್ಲೆ. ನನ್ ಮಗನಿಗ್ ತಾಗಿರೆ? ನರ್ಸಮ್ಮ ಕಂಡ್ ಅಡ್ಡಿಲ್ಲೆ ಅಂದ್ರೆ ಕಳ್ಸ್ತೆ. ಇಲ್ದಿರೆ ಇಲ್ಲೆ."

ಬಾಗಿಲ ಸಂದಿಯಲ್ಲಿ ಪ್ರೀತಂ ಕಂಡ. ಕೈಯಲ್ಲಿ ಒಂದು ಸಾಕ್ಸಿನ ಉಂಡೆ. ಅದನ್ನೇ ಗೋಡೆಗೆ ಸೆಟ್ ಮಾಡುತ್ತಿದ್ದ. ಸೀದಾ ಅತ್ತೆಯ ಮನೆಗೆ ಹೋದೆ.

ಮರುದಿನ ಅತ್ತೆ ನಮ್ಮ ಆಟದ ಕೋರ್ಟಿಗೆ ಬಂದಳು. ನೆಟ್ಟಿನ ಎದುರು ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ಟಾರ್ಚು, ಚಮಚ, ಒಂದು ತಂಬಿಗೆ ಬಿಸಿನೀರು. ಮೊದಲ ಹುಡುಗನ ಬಾಯಿಗೆ ಇಣುಕಿದಳು.

"ಮಧ್ಯಾಹ್ನ ಬಂಗ್ಡಿ ತಿಂದಿದ್ಯಾ?"

"ಹೌದ್! ಹ್ಯಾಂಗ್ ಗೊತ್ತಾಯ್ತ್ ನರ್ಸಮ್ಮ?"

"ಮುಳ್ಳ್ ಇನ್ನೂ ಅಲ್ಲೇ ಇತ್ತಲಾ!"

ಎಲ್ಲರದೂ ನೋಡಿದಳು. ನನ್ನದನ್ನೂ ಬಿಡಲಿಲ್ಲ. ನೋಡಿ ಮುಗಿಸಿ ಕಲ್ಲಿನ ಮೇಲೆ ಕುಳಿತು ಸುಮ್ಮನಾದಳು. ಅವಳು ಸುಮ್ಮನಾಗುವುದೆಂದರೆ ಫ್ಯಾನು ನಿಂತಷ್ಟೇ ಗೊತ್ತಾಗುತ್ತದೆ.

"ಎಂತ ಕಂಡಿತ್ ಅತ್ತೆ?"

"ಎಂತ ಕಾಣ್ತಿಲ್ಲೆ. ಆ ಹುಳ ಟಾರ್ಚಿಗ್ ಕಾಂಬುದಲ್ಲ ಮಾರಾಯಾ. ಕಡ್ಡಿ ಹಾಕಿ ಒರ್ಸಿ ಲ್ಯಾಬಂಗೆ ಕಾಣ್ಕ್."

"ಮತ್ತೆ ನಮ್ಮೆಲ್ಲರ್ ಬಾಯಿಗ್ ಚಮ್ಚ ಹಾಕಿದ್ ಎಂತಕ್?"

"ಬಂದ್ಮೇಲೆ ಕಾಣ್ದೆ ಹೋಪುಕಾತ್ತಾ?"

ಗಂಟಲು ಅವಳಿಗೆ ಕೈಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಅವಮಾನವಾಯಿತು ಕಾಣುತ್ತದೆ. ನನ್ನ ರಿಕ್ಷಾ ಹತ್ತಿ, ಕುಂದಾಪುರಕ್ಕೆ ಹೊಡಿ ಎಂದಳು.

ಪ್ರೀತಂಗೆ ಆಪರೇಷನ್ ಮಾಡಿದ ಡಾಕ್ಟರ ಎದುರು ನಾನೇ ಮೊದಲು ಬಾಯಿ ಹಾಕಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಆಗದು. "ಅದೇ ಸೂಜಿ ನಮ್ಮೈದು ಜನಕ್ಕೂ ಚುಚ್ಚಿಬಿಡಿ ಡಾಕ್ಟ್ರೇ. ಗಂಟ್ಲ್ ಫಿನಾಯಿಲ್ ಹಾಕಿ ತೊಳ್ದಂಗ್ ಆತ್ತ್. ಮುಗೀತಲ್ದಾ?"

ಡಾಕ್ಟರ್ ನಕ್ಕರು. "ಹಾಗೆ ಮುಗಿಯುವುದಿಲ್ಲ. ಲಸಿಕೆ ಹಾಕಿಸಿಕೊಂಡವನನ್ನು ಲಸಿಕೆ ಕಾಯುತ್ತದೆ, ಅದು ಸರಿ. ಆದರೆ ಅವನ ಗಂಟಲಲ್ಲಿ ಕುಳಿತದ್ದನ್ನು ಓಡಿಸುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಒಂದು ಬಗೆಯ ಲಸಿಕೆ ಗಂಟಲಲ್ಲೂ ಸ್ವಲ್ಪ ಕಡಿಮೆ ಮಾಡುತ್ತದೆ. ಇನ್ನೊಂದು ಬಗೆ ಅಲ್ಲಿ ಅಷ್ಟಾಗಿ ಏನೂ ಮಾಡುವುದಿಲ್ಲ. ಹಾಗಾಗಿ ಲಸಿಕೆ ಆದ ಹುಡುಗ ತಾನು ಆರಾಮಾಗಿದ್ದುಕೊಂಡೇ ಬೇರೆಯವರಿಗೆ ದಾಟಿಸಲೂಬಹುದು."

ನನ್ನ ತಲೆಗೆ ಹತ್ತಲಿಲ್ಲ. ಅತ್ತೆಗೆ ಹತ್ತಿತು.

"ಅಂದ್ರೆ ಯಕ್ಷಗಾನ ಮೇಳದ ಬಿಡಾರ ಇದ್ದಂಗೆ ಅನ್ನಿ! ಹಗಲಿಗ್ ನಮ್ಮನಿ ಚಾವಡಿಯಂಗೆ ಬಿಡಾರ. ಉಂಡ್ರ್, ಮನ್ಕಂಡ್ರ್, ಮನಿಯವ್ರಿಗ್ ಎಂತ ಉಪದ್ರ ಇಲ್ಲೆ. ಕುಣುದೆಲ್ಲ ಬೇರೆ ಊರಂಗೆ!"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಕಾಲೇಜಿನಲ್ಲಿ ನಮಗೆ ಇಷ್ಟು ಬೇಗ ಅರ್ಥ ಆಗಿರಲಿಲ್ಲ ಅಮ್ಮಾ." ಆಮೇಲೆ ನನ್ನ ಕಡೆ ತಿರುಗಿದರು. "ಎಲ್ಲರ ಗಂಟಲು ಖಾಲಿಯಾಗಲಿ ಎಂದು ಕಾಯಬೇಡಿ, ಹುಡುಗ ಮುದುಕನಾಗುತ್ತಾನೆ. ಅವನಿಗೆ ಲಸಿಕೆ ಆಗಿದೆ, ಆಡಲಿ. ಮುಟ್ಟಿದರೆ, ಕೈ ಕುಲುಕಿದರೆ ಬರುವಂಥದ್ದಲ್ಲ ಅದು. ಮುಖಕ್ಕೆ ಮುಖ ಕೊಟ್ಟು ಕೆಮ್ಮುವುದು, ಕೂಗುವುದು, ಎಂಜಲು ಬಾಟಲಿ ಬೇಡ. ಲಸಿಕೆ ಎಲ್ಲ ಬಗೆಯನ್ನೂ ತಡೆಯುವುದಿಲ್ಲ, ಅದಕ್ಕೇ ಜ್ವರ ಬಂದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ತನ್ನಿ."

ಅತ್ತೆ ಅವನ ತಾಯಿಯ ಬಳಿ ಹೋಗಿ ಅಡ್ಡಿಲ್ಲೆ ಎಂದಳು. ಪ್ರೀತಂ ಬಂದ. ನಾನು ಗೆದ್ದೆ ಅಂದುಕೊಂಡೆ. ಅತ್ತೆಯೂ ಜೊತೆಗೇ ಬರುತ್ತಾಳೆ ಎಂದು ಯಾರಿಗೆ ಗೊತ್ತಿತ್ತು?

ನಮ್ಮಲ್ಲಿ ಒಂದು ಪದ್ಧತಿ. ಒಂದೊಂದು ಪಾಯಿಂಟ್ ಬಂದಾಗಲೂ ಆರೂ ಜನ ಹೆಗಲ ಮೇಲೆ ಕೈ ಹಾಕಿ, ತಲೆಗೆ ತಲೆ ತಾಗಿಸಿ, ಒಳಗೆ ಬಗ್ಗಿ ಹೋ ಎಂದು ಕಿರುಚುವುದು. ನಾವು ಅದಕ್ಕೆ ರೌಂಡ್ ಅನ್ನುತ್ತೇವೆ. ರೌಂಡ್ ಹಾಕದೆ ಮುಂದಿನ ಸರ್ವಿಸ್ ಇಲ್ಲ. ಮೊದಲ ಪಾಯಿಂಟ್ ಬಂತು, ರೌಂಡ್ ಹಾಕಿದೆವು.

"ಹ್ವಾಯ್! ನಿಲ್ಸಿ!" ಅತ್ತೆ ಸೆರಗು ಸಿಕ್ಕಿಸಿಕೊಂಡು ಕೋರ್ಟಿನೊಳಗೇ ಬಂದಳು. "ಆರ್ ಗಂಟ್ಲ್ ಒಂದೇ ಕೊಡಪಾನದೊಳ್ಗ್ ಹಾಕಿದಂಗ್ ಕಿರ್ಚತ್ರಿಯಲಾ! ಡಾಕ್ಟ್ರ್ ಎಂತ ಹೇಳೀರ್?"

ಅವಳು ಹೇಳಿದ್ದು ಸರಿಯೇ. ನಾನು ದಾರಿ ಹೇಳಿದೆ. "ಅಷ್ಟೇ ಅಲ್ದಾ? ಪ್ರೀತಂ ರೌಂಡಿಗ್ ಬಪ್ಪುದ್ ಬ್ಯಾಡ. ಅವ ನೆಟ್ ಹತ್ರ ನಿಂತ್ಕಣ್ಲಿ, ನಾವ್ ಐದ್ ಜನ ಹಾಕ್ತೊ."

ಪ್ರೀತಂ ನೆಟ್ಟಿನ ಕಡೆ ಎರಡು ಹೆಜ್ಜೆ ಇಟ್ಟ. ಅತ್ತೆ ಅವನ ರಟ್ಟೆ ಹಿಡಿದಳು.

"ಅವ ಹೊರ್ಗ್ ನಿಲ್ಲುದಲ್ಲ. ನೀವೇ ತಿರ್ಗಿ ನಿಂತ್ಕಣಿ."

"ಎಂತ?"

"ಬೆನ್ನ್ ಒಳ್ಗ್, ಮುಸುಡಿ ಹೊರ್ಗ್. ಬೆನ್ನಿಂದ ಯಾವ್ ಹುಳವೂ ದಾಟತಿಲ್ಲೆ. ಎಷ್ಟ್ ಬೇಕಾರೂ ಕಿರ್ಚಿ, ಊರಿಗೇ ಕೇಂಬಂಗೆ."

ಇದೆಂಥ ನಾಚಿಕೆಗೇಡು! ಆದರೆ ನರ್ಸಮ್ಮನ ಎದುರು ಯಾರಿಗೆ ಬಾಯಿ ಇದೆ? ಬಾಯಿ ತೆರೆದರೆ ಟಾರ್ಚು! ಮೊಣಕೈಗೆ ಮೊಣಕೈ ಸಿಕ್ಕಿಸಿ, ಬೆನ್ನಿಗೆ ಬೆನ್ನು ಕೊಟ್ಟು ಆರು ದಿಕ್ಕಿಗೆ ಆರು ಮುಖ ಮಾಡಿ ಕಿರುಚಿದೆವು. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಪಕ್ಕದ ಮನೆಯವರು ಯಾರಿಗೆ ಹಾವು ಕಚ್ಚಿತು ಎಂದು ಓಡಿ ಬಂದರು.

ಹೀಗೆಯೇ ಪ್ರಾಕ್ಟೀಸ್ ಮಾಡಿ ಬ್ರಹ್ಮಾವರದ ಟೂರ್ನಮೆಂಟಿಗೆ ಹೋದೆವು. ಆ ವರ್ಷದ ಕೊನೆಯ ಟೂರ್ನಮೆಂಟು. ಪ್ರೀತಂನ ತಾಯಿಯೂ ಬಂದಿದ್ದರು. ಪ್ರತಿ ಸೆಟ್ ಮುಗಿದಾಗಲೂ ಓಡಿ ಬಂದು ಮಗನ ಹಣೆ ಮುಟ್ಟಿ ನೋಡುವುದು, ಕೈ ತೆಗೆದು ಓಡುವುದು. ನಮ್ಮ ಮೊದಲ ರೌಂಡ್ ನೋಡಿ ಎದುರಿನ ಕ್ಯಾಪ್ಟನ್ ಕೇಳಿದ, "ಎಂತದಾ ಇದ್, ಹರಕಿಯಾ?"

ಮೈಕಿನವನಂತೂ ಬಿಡಲೇ ಇಲ್ಲ. "ಬಿಜೂರಿನ ತಂಡ ಎದುರಾಳಿಗೆ ಬೆನ್ನು ತೋರಿಸುವುದಿಲ್ಲ, ತಮ್ಮತಮ್ಮೊಳಗೇ ತೋರಿಸಿಕೊಳ್ಳುತ್ತಾರೆ!"

ಮೊದಲ ಮ್ಯಾಚ್ ಗೆದ್ದೆವು. ಎರಡನೆಯದೂ ಗೆದ್ದೆವು. ನಗುವುದು ನಿಂತಿತು. ಇದು ಯಾವುದೋ ದೊಡ್ಡ ಕೋಚ್ ಹೇಳಿಕೊಟ್ಟ ಗುಟ್ಟು ಎಂದು ಸುದ್ದಿ ಹಬ್ಬಿತು! ಮೂರನೇ ಮ್ಯಾಚಿನಲ್ಲಿ ಎದುರಿನವರೂ ಬೆನ್ನು ಕೊಟ್ಟು ರೌಂಡ್ ಹಾಕಲು ಹೋಗಿ ಮೂವರು ಜಾರಿ ಬಿದ್ದರು. ಅತ್ತೆ ಬದಿಯಲ್ಲಿ ಕುಳಿತು ಕೂಗಿದಳು, "ಮೊಣ್ಕೈ ಸಿಕ್ಸ್ಕಣ್ಕ್ ಮಕ್ಳೆ, ಮೊಣ್ಕೈ!"

ಆ ಮ್ಯಾಚೂ ಗೆದ್ದೆವು. ಸೆಮಿಫೈನಲ್ ಸೋತೆವು. ಎರಡೇ ಪಾಯಿಂಟ್. ಕೊನೆಯ ಬಾಲ್ ನಾನೇ ನೆಟ್ಟಿಗೆ ಹೊಡೆದೆ. ಪ್ರೀತಂ ಕೊಟ್ಟದ್ದು ಚಿನ್ನದಂಥ ಬಾಲ್, ಸುಳ್ಳು ಹೇಳುವುದಿಲ್ಲ.

ಸೋತರೂ ಒಂದು ರೌಂಡ್ ಹಾಕುತ್ತೇವೆ. ಮೊಣಕೈ ಸಿಕ್ಕಿಸಿ ನಿಂತೆವು. ಯಾರೂ ಕಿರುಚಲಿಲ್ಲ. ಮುಖ ಹೊರಗಿದ್ದ ಕಾರಣ ಒಬ್ಬರಿಗೊಬ್ಬರು ಕಾಣುವುದಿಲ್ಲ. ಆದರೆ ನನ್ನ ಬೆನ್ನಿಗೆ ತಾಗಿದ್ದ ಪ್ರೀತಂನ ಬೆನ್ನು ಅಳುವಿಗೆ ಅದುರುತ್ತಿತ್ತು.

"ಮರ್ಕುದಾ? ಬಿಡಾ ಮಾಣಿ. ನಾ ಹೊಡ್ದದ್ದ್ ಸಮಾ ಆಯಿಲ್ಲೆ."

"ಅದ್ಕಲ್ಲ ಅಣ್ಣಾ."

"ಮತ್ತೆ?"

"ಮನಿಯಂಗೆ ಯಾರೂ ನನ್ ಹತ್ರ ಬತ್ತಿಲ್ಯೆ ಅಣ್ಣಾ. ಅಮ್ಮ ಹಣಿ ಮುಟ್ಟುದೂ ಜ್ವರ ಕಾಂಬುಕೆ ಮಾತ್ರ. ಈ ರೌಂಡಂಗೆ ಅಷ್ಟೇ ಯಾರಾರೂ ತಾಗಿ ನಿಲ್ಲುದ್. ಇವತ್ತಿಗ್ ಮುಗೀತಲ್ದಾ ಟೂರ್ನಮೆಂಟ್."

ಯಾಕೆ ಇನ್ನೂ ನಿಂತಿದ್ದೀರಿ ಎಂದು ಬೈಯಲು ಬಂದ ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಸೀದಾ ಹೋಗಿ ಪ್ರೀತಂನ ತಾಯಿಯ ಕೈ ಹಿಡಿದು ಎಳೆದುಕೊಂಡು ಬಂದಳು. ಅವರು ಗಾಬರಿಯಿಂದ, "ಎಂತ ನರ್ಸಮ್ಮ? ಜ್ವರ ಬಂತಾ?" ಎನ್ನುತ್ತಲೇ ಬಂದರು.

"ಜ್ವರ ಇಲ್ಲೆ. ತಿರ್ಗಿ ನಿಂತ್ಕ."

ನನ್ನ ಮೊಣಕೈ ಬಿಡಿಸಿ, ನನಗೂ ಪ್ರೀತಂಗೂ ನಡುವೆ ಅವರನ್ನು ನಿಲ್ಲಿಸಿದಳು. ಬೆನ್ನು ಒಳಗೆ, ಮುಖ ಹೊರಗೆ. ಅವರ ಬೆನ್ನು ಮಗನ ಬೆವರಿದ ಬೆನ್ನಿಗೆ ತಾಗಿತು. ಮೊದಲು ಕೋಲಿನಂತೆ ಸೆಟೆದು ನಿಂತಿದ್ದರು. ಆಮೇಲೆ ಮೆಲ್ಲಗೆ ಒರಗಿದರು. ಪ್ರೀತಂನ ಕೈ ಹಿಂದಿನಿಂದ ಬಂದು ಅವರ ಕೈಯನ್ನು ಗಟ್ಟಿಯಾಗಿ ಹಿಡಿಯಿತು.

ಮೈಕಿನವ ಮುಂದಿನ ಮ್ಯಾಚಿಗೆ ಕೋರ್ಟ್ ಬಿಟ್ಟುಕೊಡಿ ಎಂದು ಮೂರು ಸಲ ಕೂಗಿದ. ನಾವು ಯಾರೂ ಅಲ್ಲಾಡಲಿಲ್ಲ.